ಎಡಗಡೆಯ ಟ್ಯಾಂಕು

ನನ್ನ ಗಂಡ ತೀರಿಕೊಂಡ ವರ್ಷ, ಮಳೆಗಾಲ ಕಳೆದ ಮೇಲೆ, ನಾನೂ ನನ್ನ ಅತ್ತೆಯೂ ಸೇರಿ ಒಂದು ಹಳೆಯ ಹಾಯಿದೋಣಿಯ ಕುಡಿಯುವ ನೀರಿನ ಟ್ಯಾಂಕು ದುರಸ್ತಿ ಮಾಡಿಸಿದೆವು. ಮಾಡಿಸಿದೆವು ಎನ್ನುವುದಕ್ಕಿಂತ ಮಾಡಿದೆವು ಎಂದರೇ ಸರಿ. ಆ ವರ್ಷದಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವುದು ಅದೊಂದೇ. ಮನೆ ತುಂಬ ಬಂದು ಹೋದ ಜನ, ಹನ್ನೆರಡನೇ ದಿನದ ಊಟ, ಕಚೇರಿಯವರು ತಂದಿಟ್ಟು ಹೋದ ಸೇಬು, ಇವೆಲ್ಲ ಬೇರೆ ಯಾರದೋ ಮನೆಯಲ್ಲಿ ನಡೆದದ್ದನ್ನು ಮತ್ಯಾರೋ ಹೇಳಿ ಕೇಳಿದಂತಿವೆ.

ನಾನು ರಾಮನಗುಳಿಯ ಕಡೆಯವಳು. ಗಂಗಾವಳಿ ಹೊಳೆಯ ದಂಡೆಯ ಗದ್ದೆಮನೆ ನಮ್ಮದು. ಕೆಲಸ ಕಾರವಾರದ ಒಂದು ಕಚೇರಿಯಲ್ಲಿ. ಮದುವೆಯಾಗಿ ಬಂದದ್ದು ಅಂಕೋಲೆಯ ಹತ್ತಿರದ ಕೇಣಿಗೆ, ಖಾರ್ವಿ ಮೀನುಗಾರರ ಮನೆಗೆ. ಎರಡೂ ಕಡೆಯವರಿಗೆ ಆಗ ಅದು ಅಷ್ಟೇನೂ ಇಷ್ಟವಿರಲಿಲ್ಲ, ಆಮೇಲೆ ಸರಿಹೋಯಿತು. ಗಂಡ ಸರಕು ಹಡಗುಗಳಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ತಿಂಗಳುಗಟ್ಟಲೆ ಸಮುದ್ರದ ಮೇಲೆ, ಆಮೇಲೆ ತಿಂಗಳುಗಟ್ಟಲೆ ರಜೆ. ನಮಗೆ ಮಕ್ಕಳಿರಲಿಲ್ಲ. ಅವರು ಹಡಗಿನಲ್ಲಿದ್ದಾಗೆಲ್ಲ ಕೇಣಿಯ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅತ್ತೆ ಬಹಳ ವರ್ಷ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿದವರು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಮಗ ಹಟ ಹಿಡಿದು ಬಿಡಿಸಿದ್ದರು.

ಆ ಹಾಯಿದೋಣಿಯನ್ನು ಗಂಡ ಗೋವೆಯಲ್ಲಿ ಒಬ್ಬ ವಿದೇಶಿ ಮುದುಕರಿಂದ ಕೊಂಡಿದ್ದರು. ಆ ಮುದುಕರು ಎಲ್ಲ ಮಾರಿ ತಮ್ಮ ಊರಿಗೆ ಮರಳುವವರಿದ್ದರು. ನಮ್ಮ ಮದುವೆಗಿಂತ ಹಳೆಯ ದೋಣಿ ಅದು. ಫೈಬರಿನದು, ಒಂದೇ ಕಂಬ, ಒಳಗೆ ತಲೆ ತಗ್ಗಿಸಿ ಓಡಾಡಬೇಕಾದ ಸಣ್ಣ ಕೋಣೆ. ಕೋಣೆಯ ಎರಡೂ ಬದಿಗೆ ಉದ್ದದ ಆಸನಗಳು, ಒಂದು ಒಲೆ, ಒಂದು ಬೇಸಿನ್ನು, ಅದಕ್ಕೊಂದು ನಲ್ಲಿ. ಆಸನಗಳ ಕೆಳಗೆ ಎಡಕ್ಕೊಂದು, ಬಲಕ್ಕೊಂದು ನೀರಿನ ಟ್ಯಾಂಕು. ದೋಣಿಯನ್ನು ಸಮುದ್ರದ ಮೇಲೆಯೇ ತಂದು ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ, ಟ್ರಾಲರುಗಳ ಹಿಂದೆ, ಯಾರಿಗೂ ಅಡ್ಡವಾಗದ ಕಡೆ ಕಟ್ಟಿದ್ದರು. ರಜೆಯಲ್ಲಿ ಬಂದರೆ ಮನೆಗಿಂತ ಅಲ್ಲೇ ಹೆಚ್ಚು ಹೊತ್ತು. ಭಾನುವಾರ ನಾನೂ ಹೋಗುತ್ತಿದ್ದೆ, ಊಟ ಕಟ್ಟಿಕೊಂಡು. ಗಾಳಿಯಿದ್ದರೆ ಕೂರ್ಮಗಡ ನಡುಗಡ್ಡೆಯವರೆಗೆ ಹೋಗಿ ಬರುತ್ತಿದ್ದೆವು. ಅತ್ತೆ ಮಾತ್ರ ಒಂದು ದಿನವೂ ಹತ್ತಿರಲಿಲ್ಲ. "ಮೀನ್ ಹಿಡೀದೇ ಇದ್ದ ದೋಣಿ ಯಂತಕೆ?" ಎನ್ನುತ್ತಿದ್ದರು.

ಗಂಡ ಹೋದದ್ದು ಬೇಸಿಗೆಯಲ್ಲಿ, ರಜೆಯಲ್ಲಿದ್ದಾಗ. ಬೆಳಿಗ್ಗೆ ಚಹಾ ಕುಡಿಯುತ್ತ ಜಗಲಿಯಲ್ಲಿ ಕೂತಿದ್ದವರು ಹಾಗೆಯೇ ಪಕ್ಕಕ್ಕೆ ಒರಗಿದರು. ಅಂಕೋಲೆಯ ಡಾಕ್ಟರು ನೋಡಿ, ಹೃದಯ ಎಂದರು. ನಾನು ಅಳಲಿಲ್ಲ. ತಡೆದುಕೊಂಡದ್ದಲ್ಲ, ಬರಲಿಲ್ಲ. ರಾಮನಗುಳಿಯಿಂದ ಬಂದ ನನ್ನ ಅಮ್ಮ, ಒಮ್ಮೆ ಅತ್ತುಬಿಡು, ಎದೆ ಹಗುರಾಗ್ತದೆ ಎಂದು ಬೆನ್ನು ಸವರಿದಳು. ನನ್ನ ಎದೆಯಲ್ಲಿ ಭಾರವೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಟ್ಟ ಮೇಲೆ ಕೆನ್ನೆ ಹೇಗಿರುತ್ತದೋ ಹಾಗಿತ್ತು. ಮುಟ್ಟಿದರೆ ಅಲ್ಲೊಂದು ಕೆನ್ನೆಯಿದೆ ಎಂದು ಗೊತ್ತಾಗುತ್ತದೆ, ಅಷ್ಟೆ.

ಅತ್ತೆಯೂ ಅಳಲಿಲ್ಲ. ಬಂದವರಿಗೆಲ್ಲ ಚಹಾ ಮಾಡಿಸಿದರು. ಜನ ಬರುವುದು ನಿಂತ ಮೇಲೆ ನಾವಿಬ್ಬರೂ ಅಕ್ಕಿ, ಗ್ಯಾಸ್ ಸಿಲಿಂಡರು, ಕಿಟಕಿಗೆ ಬಡಿಯುವ ಮಳೆ ಇಷ್ಟರ ಬಗ್ಗೆ ಮಾತಾಡಿಕೊಂಡು ಮಳೆಗಾಲ ಕಳೆದೆವು. ನಾನು ರಜೆ ಮುಗಿಸಿ ಕಚೇರಿಗೆ ಹೋಗತೊಡಗಿದೆ. ಮಾಡುವ ಕೆಲಸದಲ್ಲಿ ತಪ್ಪೇನೂ ಆಗುತ್ತಿರಲಿಲ್ಲ.

ದೋಣಿಯ ಮಾತು ತೆಗೆದದ್ದು ಬೈತಖೋಲದ ಫೈಬರ್ ಮೇಸ್ತ್ರಿ. ಫೈಬರ್ ದೋಣಿಗಳ ತೂತು ಮುಚ್ಚುವುದು ಅವರ ಕಸುಬು. ನನ್ನ ಗಂಡನಿಗೆ ಗೆಳೆಯ. ಕಾರವಾರದವರು, ಮನೆಮಾತು ಕೊಂಕಣಿ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಮಳೆ ಶುರುವಾಗುವ ಮೊದಲು ಅವರೇ ಕ್ರೇನಿನವನಿಗೆ ಹೇಳಿ ದೋಣಿಯನ್ನು ದಡಕ್ಕೆ ಎತ್ತಿಸಿದ್ದರು. ಟ್ರಾಲರುಗಳು ಮತ್ತೆ ಕಡಲಿಗೆ ಇಳಿದ ಮೇಲೆ ಅದನ್ನೂ ಇಳಿಸಿ, ನನಗೆ ಫೋನ್ ಮಾಡಿದರು.

"ವೈನಿ, ಗೋವಾ ಕಡೆಯವ್ರು ಒಬ್ರು ದೋಣಿ ನೋಡಿದ್ದಾರೆ. ರಿಟೈರ್ ಆದವರು. ಗಂಡ ಹೆಂಡ್ತಿ ಇಬ್ರೂ ಅದ್ರಲ್ಲೇ ಇರ್ತಾರಂತೆ. ಕೊಡೂದಾದ್ರೆ ಹೇಳಿ. ಆದ್ರೆ ಒಳಗೆ ನೀರು ನಿಂತದೆ, ಒಮ್ಮೆ ಬಂದು ನೋಡಿ."

ನಾನು ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದೆ. ಕೊಟ್ಟುಬಿಡೋಣ, ನೋಡಿಕೊಳ್ಳುವವರು ಯಾರು ಎಂದೆ. ಅತ್ತೆ ತಟ್ಟೆ ತೊಳೆದಿಟ್ಟು ಬಂದು, "ಭಾನುವಾರ ನಾನೂ ಬತ್ತೆ" ಎಂದರು.

ಕೇಣಿಯಿಂದ ಅಂಕೋಲೆಗೆ ರಿಕ್ಷಾ, ಅಲ್ಲಿಂದ ಕಾರವಾರದ ಬಸ್ಸು. ಬೈತಖೋಲದಲ್ಲಿ ಮೀನಿನ ಹರಾಜು ಮುಗಿದು ನೆಲವೆಲ್ಲ ಒದ್ದೆಯಾಗಿತ್ತು. ಮೇಸ್ತ್ರಿ ಸಣ್ಣ ದೋಣಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಹೋದರು. ಅತ್ತೆಯನ್ನು ಹತ್ತಿಸುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಸೀರೆ ಎತ್ತಿ ಕಟ್ಟಿ, ಹಗ್ಗ ಹಿಡಿದು, ಮನೆಯ ಹೊಸಿಲು ದಾಟುವವರ ಹಾಗೆ ಹತ್ತಿಬಿಟ್ಟಿದ್ದರು. ಒಳಗೆ ಇಳಿದು ಸುತ್ತ ನೋಡಿದರು. ಒಲೆ, ಬೇಸಿನ್ನು, ಮೊಳೆಗೆ ನೇತುಹಾಕಿದ್ದ ಮಗನ ಟೊಪ್ಪಿ. 

ಮೇಸ್ತ್ರಿ ನೆಲದ ಹಲಗೆ ಎತ್ತಿ ತೋರಿಸಿದರು. ದೋಣಿಯ ತಳದ ಗುಂಡಿಯಲ್ಲಿ ಗೇಣುದ್ದ ನೀರು. ಅತ್ತೆ ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಉಪ್ಪಿಲ್ಲ. ಕಡಲ ನೀರಲ್ಲ."

"ಬರೇ ಮಳೆ ನೀರು, ಆಯಿ," ಎಂದರು ಮೇಸ್ತ್ರಿ. "ಕಂಬದ ಸಂದಿಯಿಂದ ಇಳೀತದೆ. ಕಾಯ್ ನಾ, ಎಂತಾ ಇಲ್ಲ. ಒರೆಸಿದ್ರೆ ಮುಗೀತು."

ನಾವು ಬಟ್ಟೆ, ಸ್ಪಂಜು ಹಿಡಿದು ಕೂತು ಗುಂಡಿಯನ್ನು ಒಣಗಿಸಿದೆವು. ಆ ವಾರ ಮಳೆ ಬರಲಿಲ್ಲ. ಮುಂದಿನ ಭಾನುವಾರ ಹಲಗೆ ಎತ್ತಿದರೆ ಮತ್ತೆ ನೀರು. ಮತ್ತೆ ಅತ್ತೆ ನಾಲಿಗೆಗೆ ಮುಟ್ಟಿಸಿಕೊಂಡರು. ಉಪ್ಪಿರಲಿಲ್ಲ. ಹಾಗಾದರೆ ಟ್ಯಾಂಕಿನದೇ ಎಂದು ಆಗ ನಮಗೆ ಅರ್ಥವಾಯಿತು. ಬೇಸಿಗೆಯಲ್ಲಿ ಗಂಡ ಎರಡೂ ಟ್ಯಾಂಕು ತುಂಬಿಸಿಟ್ಟಿದ್ದರು, ಗೋವೆಯವರೆಗೆ ಹೋಗಿಬರುವ ಆಲೋಚನೆಯಿತ್ತು. ಆ ನೀರೇ ಇಷ್ಟು ದಿನ ಒಳಗಿತ್ತು.

"ನೋಡಿದವರಿಗೆ ಹೇಳಿಬಿಡುವ, ಸೋರ್ತದೆ ಅಂತ. ಬೆಲೆ ಇಳಿಸಿ ತಗೊಳ್ತಾರೆ," ಎಂದರು ಮೇಸ್ತ್ರಿ.

"ಆಗೂದಿಲ್ಲ," ಎಂದರು ಅತ್ತೆ. "ಸೋರೂ ದೋಣಿ ನಮ್ಮ ಮನೆಯಿಂದ ಹೋಗೂಕಾಗ. ನಾಳೆ ಆ ಗಂಡ ಹೆಂಡ್ತಿ ನಡೂ ಕಡಲಲ್ಲಿ ಬಾಯಾರಿ ಕೂತ್ರೆ?"

ಮೇಸ್ತ್ರಿ ನನ್ನ ಮುಖ ನೋಡಿದರು. ನನಗೆ ಎರಡೂ ಒಂದೇ ಆಗಿತ್ತು. ಆಯಿತು, ಸರಿಮಾಡೋಣ ಎಂದೆ. ಹಾಗೆ ನಮ್ಮ ಭಾನುವಾರಗಳು ಶುರುವಾದವು.

ಆ ದಿನ ನಾವು ಸುಮ್ಮನೆ ಚಹಾ ಕುಡಿಯುತ್ತ ಒಳಗೆ ಕೂತಿದ್ದೆವು. ನಲ್ಲಿ ಮುಚ್ಚಿಯೇ ಇತ್ತು. ಇದ್ದಕ್ಕಿದ್ದಂತೆ ಆಸನದ ಕೆಳಗಿನಿಂದ ಗುರ್ ಎಂದು ಸದ್ದಾಗಿ ನಿಂತಿತು.

"ಯಾರದು?" ಎಂದರು ಅತ್ತೆ.

"ಯಾರೂ ಇಲ್ಲ ಅತ್ತೆ. ನೀರಿನ ಪಂಪು."

ನಲ್ಲಿ ತಿರುಗಿಸಿದಾಗ ಮಾತ್ರ ಓಡುವ ಪಂಪು ಅದು. ಪೈಪಿನಲ್ಲಿ ಒತ್ತಡ ಇಳಿದರೆ ತಾನಾಗಿಯೇ ಶುರುವಾಗುತ್ತದೆ. ಎಲ್ಲಿಂದಲೋ ನೀರು ಹೋಗುತ್ತಿರುವುದರಿಂದಲೇ ಮಧ್ಯೆ ಮಧ್ಯೆ ಹೀಗೆ ಗುರ್ ಎನ್ನುತ್ತಿತ್ತು. ನಾನು ಟಾರ್ಚು ಹಿಡಿದು ಪೈಪಿನ ಉದ್ದಕ್ಕೂ ಕೈಯಾಡಿಸಿದೆ. ಬೇಸಿನ್ನಿನ ಕೆಳಗೆ, ಪೈಪನ್ನು ನಲ್ಲಿಗೆ ಬಿಗಿದಿದ್ದ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿತ್ತು. ಮೇಸ್ತ್ರಿ ದಡಕ್ಕೆ ಹೋಗಿ ಹೊಸ ಕ್ಲಿಪ್ಪು ತಂದು ಬಿಗಿದರು. ಪಂಪು ಸುಮ್ಮನಾಯಿತು. ಸಂಜೆಯವರೆಗೆ ಕಾದೆವು, ಮತ್ತೆ ಸದ್ದಾಗಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಂಡು, ಮುಗೀತು ವೈನಿ, ಫೋನ್ ಮಾಡಿ ಹೇಳ್ತೆ ಅವ್ರಿಗೆ ಎಂದರು. ಅತ್ತೆ, "ಇನ್ನೊಂದ್ ವಾರ ತಡೀರಿ" ಎಂದರು.

ಒಂದು ವಾರ ಬಿಟ್ಟು ಹಲಗೆ ಎತ್ತಿದರೆ ನೀರು ಹಾಗೆಯೇ ಇತ್ತು. ಮೊದಲಿನಷ್ಟಿಲ್ಲ, ಆದರೆ ಇತ್ತು.

ಪೈಪಲ್ಲ, ಟ್ಯಾಂಕೇ ಎಂದು ಆಗ ಖಾತ್ರಿಯಾಯಿತು. ಆದರೆ ಎರಡರಲ್ಲಿ ಯಾವುದು? ಎರಡೂ ಆಸನಗಳ ಕೆಳಗೆ ಹಲಗೆಯಿಂದ ಮುಚ್ಚಿದ್ದವು. ಅವುಗಳ ತಳ ಕಾಣುತ್ತಿರಲಿಲ್ಲ. ಮೇಸ್ತ್ರಿ ಎರಡೂ ಕಡೆ ಕಿತ್ತು ನೋಡೋಣ ಎಂದರು. ನನಗೆ ಗಂಡ ಒಮ್ಮೆ ಹಡಗಿನ ಮಾತು ಹೇಳುವಾಗ, ಸೋರುವ ಟ್ಯಾಂಕು ಹಿಡಿಯಲು ನೀರಿಗೆ ಬಣ್ಣ ಹಾಕುತ್ತೇವೆ ಎಂದದ್ದು ನೆನಪಾಯಿತು. ಕಾರವಾರ ಪೇಟೆಯಲ್ಲಿ ಮಿಠಾಯಿಗೆ ಹಾಕುವ ಬಣ್ಣ ಕೊಂಡೆ. ಎಡಗಡೆಯ ಟ್ಯಾಂಕಿಗೆ ಕೇಸರಿ, ಬಲಗಡೆಯದಕ್ಕೆ ಹಸಿರು. ಎರಡೂ ಟ್ಯಾಂಕನ್ನು ನೀರಿನಿಂದ ಮತ್ತೆ ಭರ್ತಿ ಮಾಡಿ, ನಡುವಿನ ಕವಾಟ ಮುಚ್ಚಿ, ತಳದ ಗುಂಡಿಯನ್ನು ಮತ್ತೆ ಒಣಗಿಸಿ ಮನೆಗೆ ಹೋದೆವು.

ನಾನು ಮರುದಿನ ಕಚೇರಿ ಬಿಟ್ಟ ಮೇಲೆ ಒಬ್ಬಳೇ ಹೋದೆ. ಹಲಗೆ ಎತ್ತಿದೆ. ಕೇಸರಿ ನೀರು. ಅದನ್ನೇ ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ, ದಡದಿಂದ ಮೇಸ್ತ್ರಿ ಕೂಗಿದ ಮೇಲೆ ಎದ್ದೆ. ಭಾನುವಾರ ಅತ್ತೆ ನೋಡಿ, "ಓಕುಳಿ ನೀರಿನಾಂಗೆ ಅದೆ" ಎಂದರು. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಮ್ಮಿಬ್ಬರಿಗೆ ಅವರೇ ಓಕುಳಿ ನೀವಾಳಿಸಿ ಚೆಲ್ಲಿದ್ದರು. 

ಎಡಗಡೆಯ ಟ್ಯಾಂಕಿನಲ್ಲಿ ನೀರು ಒಂದು ಮಟ್ಟಕ್ಕೆ ಇಳಿದು ನಿಲ್ಲುತ್ತಿತ್ತು. ತುಂಬುವ ಬಾಯಿಯಿಂದ ಕೋಲು ಇಳಿಸಿ ನೋಡಿದರೆ ಎಂದೂ ಅದೇ ಮಟ್ಟ, ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಂದರೆ ಬಿರುಕು ತಳದಲ್ಲಲ್ಲ, ಗೋಡೆಯಲ್ಲಿ, ಆ ಎತ್ತರದಲ್ಲಿ. ಮೇಸ್ತ್ರಿ ಎಡಗಡೆಯ ಆಸನದ ಮುಂದಿನ ಹಲಗೆ ಬಿಚ್ಚಿ, ಟ್ಯಾಂಕಿನ ಹೊರಮೈಯಲ್ಲಿ ತೇವ ಕಂಡ ಕಡೆ ತಮ್ಮ ಎಂದಿನ ರೆಸಿನ್ನಿನ ಅಂಟು, ಗಾಜಿನೆಳೆಯ ಮ್ಯಾಟು ಮೆತ್ತಿದರು. "ಟ್ರಾಲರಿಗೇ ಇದು ಸಾಕಾಗ್ತದೆ, ಇದೆಂತಾ ಮಹಾ" ಎಂದರು. ಒಣಗಿದ ಮೇಲೆ ಟ್ಯಾಂಕು ತುಂಬಿಸಿದೆವು. ಮೆತ್ತಿದ ತುಂಡಿನ ಅಂಚಿನಿಂದ ನೀರು ಬೆವರಿನ ಹಾಗೆ ಹೊರಬಂತು. ಒಳಗಿನಿಂದ ಒತ್ತುವ ನೀರು ಹೊರಗಿನ ತೇಪೆಯನ್ನು ತಳ್ಳುತ್ತದೆ, ಒಳಗಿನಿಂದಲೇ ಮುಚ್ಚಬೇಕು. ಮೇಸ್ತ್ರಿ ತಲೆ ಕೆರೆದುಕೊಂಡರು.

ಟ್ಯಾಂಕಿನ ಮುಂದಿನ ತುದಿಯಲ್ಲಿ, ತೊಳೆಯಲೆಂದು, ಒಂದು ದುಂಡು ಮುಚ್ಚಳವಿತ್ತು. ಅದನ್ನು ತಿರುಗಿಸಿ ತೆಗೆದು ಮೇಸ್ತ್ರಿ ಕೈ ಹಾಕಿದರು. ಅವರದು ದಪ್ಪ ತೋಳು, ಮೊಣಕೈಗೇ ಸಿಕ್ಕಿಕೊಂಡಿತು. ಟ್ಯಾಂಕಿನ ಒಳಗೆ ನೀರು ಕುಲುಕದಂತೆ ಒಂದು ಅಡ್ಡಗೋಡೆ ಕಟ್ಟಿರುತ್ತಾರೆ. ತೇವ ಕಂಡದ್ದು ಆ ಗೋಡೆ ಹೊರಮೈಗೆ ಸೇರುವ ಜಾಗದಲ್ಲಿ, ಅದು ಆ ಬಾಯಿಗೆ ದೂರ. ಕೊನೆಗೆ ಆಸನದ ಹಲಗೆಯಲ್ಲೂ ಟ್ಯಾಂಕಿನ ಮೇಲ್ಮೈಯಲ್ಲೂ ಹೊಸದೊಂದು ತೂತು ಕೊರೆದರು. ಆಸನಕ್ಕೆ ಆಸರೆಯಾದ ಅಡಿಪಟ್ಟಿಗಳ ನಡುವೆ ಜಾಗ ಕಡಿಮೆ, ತೂತು ದೊಡ್ಡದಾಗಲಿಲ್ಲ. ಅವರ ಕೈ ಅದರಲ್ಲೂ ಹೋಗಲಿಲ್ಲ.

"ನಾನು ನೋಡ್ತೇನೆ," ಎಂದೆ.

ಟ್ಯಾಂಕು ಖಾಲಿ ಮಾಡಿ ಒರೆಸಿದ್ದೆವು. ನಾನು ಆಸನದ ಮೇಲೆ ಬೋರಲು ಮಲಗಿ ಕೈಯನ್ನು ಭುಜದವರೆಗೂ ಇಳಿಸಿದೆ. ಕೆನ್ನೆ ಹಲಗೆಗೆ ಒತ್ತಿಕೊಂಡಿತ್ತು. ಕಣ್ಣೆದುರು ಕಾಣುತ್ತಿದ್ದದ್ದು ಅತ್ತೆಯ ಪಾದಗಳು ಮಾತ್ರ. ಒಳಗೆ ತಣ್ಣಗೆ, ನುಣ್ಣಗೆ. ಅಡ್ಡಗೋಡೆ ಸಿಕ್ಕಿತು. ಅದನ್ನು ಹಿಡಿದು ಹೊರಮೈಯ ಕಡೆ ಸರಿದೆ. ಸೇರುವ ಮೂಲೆಯಲ್ಲಿ ಉಗುರಿಗೆ ಒಂದು ಗೆರೆ ತಾಗಿತು, ಒಡೆದ ಬಟ್ಟಲಿನ ಅಂಚಿನ ಹಾಗೆ. ಗೆರೆಯ ಜೊತೆಗೇ ಬೆರಳು ಮೇಲಕ್ಕೆ ಹೋಯಿತು. ಅಲ್ಲಿ ಒಂದು ಗಟ್ಟಿ ಮುದ್ದೆ. ಅಂಟು ಮೆತ್ತಿ ಒಣಗಿದ್ದು. ಅದರ ಮೇಲೆ ಪಕ್ಕಪಕ್ಕಕ್ಕೆ ಗುಳಿಗಳು. ನಾನು ಬೆರಳುಗಳನ್ನು ಅವುಗಳಲ್ಲಿ ಇಟ್ಟು ನೋಡಿದೆ. ಹಸಿಯಿದ್ದಾಗ ಯಾರೋ ಬೆರಳ ತುದಿಯಿಂದ ಒತ್ತಿ ಒತ್ತಿ ಕೂರಿಸಿದ್ದು. ಗುಳಿಗಳು ನನ್ನ ಬೆರಳಿಗಿಂತ ಅಗಲ. ಕಿರುಬೆರಳಿನ ಗುಳಿ ಸ್ವಲ್ಪ ಓರೆ. ನನ್ನ ಗಂಡನ ಬಲಗೈ ಕಿರುಬೆರಳು ಎಂಜಿನ್ ಕೋಣೆಯಲ್ಲಿ ಸಿಕ್ಕಿ ಓರೆಯಾಗಿತ್ತು.

ಅವರಿಗೆ ಈ ಸೋರಿಕೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನಿಸಿರಲಿಕ್ಕಿಲ್ಲ.

ನನಗೆ ಏನೂ ಅನಿಸಲಿಲ್ಲ. ಇದು ಅವರ ಕೈ ಎಂದು ತಿಳಿಯಿತು, ಅಷ್ಟೆ. ಪೇಟೆಯ ಆಚೆ ಬದಿಯಲ್ಲಿ ಪರಿಚಯದವರು ಹೋಗುವುದನ್ನು ಕಂಡ ಹಾಗೆ. ಏನಾದರೂ ಅನಿಸಬಹುದೇ ಎಂದು ಕಾದೆ. ಭುಜ ನೋಯತೊಡಗಿತು.

"ಸಿಕ್ತಾ ವೈನಿ?" ಎಂದು ಮೇಸ್ತ್ರಿ ಕೇಳಿದರು.

"ಸಿಕ್ತು. ಮೊದಲೇ ಯಾರೋ ಅಂಟು ಹಾಕಿದ್ದಾರೆ."

"ಹಳೇದು ಇದ್ರೆ ಅದನ್ನ ಪೂರಾ ತೆಗೀಬೇಕು. ಅದರ ಮೇಲೆ ಹೊಸದು ಕೂತ್ಕಳ್ಳೂದಿಲ್ಲ."

ನಾನು ಕೈ ಹೊರತೆಗೆದು ಎದ್ದು ಕೂತೆ. ಮೇಸ್ತ್ರಿ ಉಳಿ ತರಲು ದಡಕ್ಕೆ ಹೋದರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಅತ್ತೆ, ನೀವೊಮ್ಮೆ ಕೈ ಹಾಕಿ ನೋಡಿ," ಎಂದೆ.

ಅವರು ಯಾಕೆ ಎಂದು ಕೇಳಲಿಲ್ಲ. ಮೊಣಕಾಲು ಮಡಿಸಲಾರದೆ ಪಕ್ಕಕ್ಕೆ ಒರಗಿ, ನಾನು ಹಿಡಿದುಕೊಂಡ ಮೇಲೆ ನಿಧಾನಕ್ಕೆ ಮಲಗಿದರು. ಒಣಗಿದ ತೋಳು ಸಲೀಸಾಗಿ ಇಳಿಯಿತು. ನಾನು ಎಲ್ಲಿ ಎಂದು ಹೇಳಿದೆ. ಸ್ವಲ್ಪ ಎಡಕ್ಕೆ, ಇನ್ನೂ ಮೇಲೆ. ಅವರ ಕೈ ನಿಂತಿತು. ಕಣ್ಣು ಮುಚ್ಚಿರಲಿಲ್ಲ, ಎದುರಿನ ಒಲೆಯನ್ನು ನೋಡುತ್ತಿದ್ದರು. ಹೊರಗೆ ಯಾವುದೋ ಟ್ರಾಲರು ಎಂಜಿನ್ ಶುರುಮಾಡಿತು, ಹೊರಟಿತು, ಅದರ ಅಲೆಗೆ ನಮ್ಮ ದೋಣಿ ಓಲಾಡಿ ನಿಂತಿತು. ಅತ್ತೆ ಹಾಗೆಯೇ ಇದ್ದರು.

"ಅವಂದೇ," ಎಂದರು ಆಮೇಲೆ.

"ಹೌದು."

"ಆ ತುದಿ ಬಾಯಿಂದ ಕೈ ಹಾಕಿರ್ಬೇಕು. ತುದಿಬೆರ್ಳು ಮಾತ್ರ ಮುಟ್ಟೀದೆ. ಕೆಳ್ಗೆ ಅರ್ಧ ಹಾಂಗೇ ಬಿಟ್ಟಿದ." ಕೈ ಮೆಲ್ಲಗೆ ಹೊರತೆಗೆಯುತ್ತ, "ಸಮಾ ಆಗ್ಲಿಲ್ಲ ಅವ್ಗೆ" ಎಂದರು.

ನಾನು ಅವರನ್ನು ಎಬ್ಬಿಸಿ ಕೂರಿಸಿದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಮೇಸ್ತ್ರಿ ಉಳಿ, ಮರಳು ಕಾಗದ ತಂದು ನನ್ನ ಕೈಗಿಟ್ಟರು. ನಾನು ಅತ್ತೆಯ ಕಡೆ ನೋಡಿದೆ.

"ಕೆತ್ತು," ಎಂದರು.

ಕೆತ್ತಿದೆ. ಕಾಣದ ಜಾಗದಲ್ಲಿ, ಬಗ್ಗಿದ ಮಣಿಕಟ್ಟಿನಿಂದ, ಸ್ವಲ್ಪ ಸ್ವಲ್ಪವೇ. ಚೂರುಗಳು ಟ್ಯಾಂಕಿನ ತಳಕ್ಕೆ ಬೀಳುವುದು ಕೇಳುತ್ತಿತ್ತು. ಆ ಭಾನುವಾರ ಮುಗಿಯಲಿಲ್ಲ, ಮುಂದಿನದೂ ಬೇಕಾಯಿತು. ಹಳೆಯದೆಲ್ಲ ಕಿತ್ತು ಬಂದ ಮೇಲೆ ಮರಳು ಕಾಗದದಿಂದ ಉಜ್ಜಿ ಬಿರುಕಿನ ಸುತ್ತ ಒರಟು ಮಾಡಿದೆ. ಚೂರುಗಳನ್ನು ಮೇಸ್ತ್ರಿ ಒದ್ದೆ ಬಟ್ಟೆಯಿಂದ ಬಳಿದು ಬಕೆಟ್ಟಿಗೆ ಹಾಕಿ ದಡಕ್ಕೆ ಒಯ್ದರು. ಒಂದಾದರೂ ಚೂರು ಎತ್ತಿಟ್ಟುಕೊಳ್ಳಬೇಕು ಎಂದು ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆದಂತಿರಲಿಲ್ಲ. ಹೊಳೆದಿದ್ದರೂ ಅವರು ಹೇಳುತ್ತಿರಲಿಲ್ಲ.

ಎಂದಿನ ರೆಸಿನ್ನು ಕುಡಿಯುವ ನೀರಿಗೆ ವಾಸನೆ ಬಿಡುತ್ತದೆಂದು ಮೇಸ್ತ್ರಿ ಗೋವೆಯಿಂದ ಎಪಾಕ್ಸಿ ಅಂಟು ತರಿಸಿದ್ದರು. ಎರಡು ಡಬ್ಬಿಗಳದನ್ನು ಅಳತೆಯಲ್ಲಿ ಬೆರೆಸಿ ಕಲಸಿದರೆ ಬೇಗ ಬಿಸಿಯಾಗುತ್ತದೆ, ಗಟ್ಟಿಯಾಗುವುದರೊಳಗೆ ಹಚ್ಚಬೇಕು. ಮೇಸ್ತ್ರಿ ಕಲಸಿದರು. ಅತ್ತೆ ಗಾಜಿನ ಬಟ್ಟೆಯ ತುಂಡುಗಳನ್ನು ಕತ್ತರಿಸಿ ಕೊಟ್ಟರು. ನಾನು ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಅದ್ದಿದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿದೆ. ಗಾಳಿಗುಳ್ಳೆ ಉಳಿಯಬಾರದು ಎಂದಿದ್ದರು. ಬೆರಳಿನಿಂದ ಮಧ್ಯದಿಂದ ಅಂಚಿಗೆ ಸವರುತ್ತ ಹೋದೆ. ಮುಗಿಸಿ ಹೊರಗೆ ಬಂದು ಕೂತಾಗ ತಲೆ ತಿರುಗುತ್ತಿತ್ತು. ಅತ್ತೆ ನೀರು ಕೊಟ್ಟರು.

ಅದು ಒಣಗುವವರೆಗೆ ಕಾಯಬೇಕಿತ್ತು. ಮೇಸ್ತ್ರಿ ಊಟಕ್ಕೆ ಮನೆಗೆ ಹೋದರು. ನಾವು ಕಟ್ಟಿಕೊಂಡು ಬಂದಿದ್ದ ಅನ್ನ, ಒಣಮೀನಿನ ಚಟ್ನಿ ಬಿಚ್ಚಿ ದೋಣಿಯ ಹಿಂಭಾಗದಲ್ಲಿ ಕೂತು ತಿಂದೆವು. ದೂರದಲ್ಲಿ ದೀಪಸ್ತಂಭದ ನಡುಗಡ್ಡೆ ಬಿಸಿಲಿಗೆ ಬಿಳಚಿತ್ತು.

"ಸಣ್ಣಕೆ ಇರೂವಾಗ ಅವ ಈಜೂಕೆ ಹೆದರ್ತಿದ್ದ," ಎಂದರು ಅತ್ತೆ, ಯಾವ ಪೀಠಿಕೆಯೂ ಇಲ್ಲದೆ.

"ನಿಮ್ಮ ಮಗನಾ?"

"ಮತ್ಯಾರು? ಖಾರ್ವಿ ಕೇರಿ ಹುಡ್ಗ, ಮೊಣಕಾಲ ನೀರಿಗೆ ಇಳಿದ್ರೆ ಅಳ್ತಿದ್ದ. ಅವ್ನ ಅಪ್ಪ ಹೊಡ್ದು ಕಲ್ಸದ್ದು. ನಿಂಗೆ ಹೇಳ್ಬೇಡ ಅಂದಿದ್ದ, ಮದ್ವೆ ಆದಾಗ."

"ನನಗೆ ಹೇಳಲೇ ಇಲ್ಲ."

"ಹ್ಞಾಂ. ಈಗ ನಾ ಹೇಳ್ದೆ."

ನಾನು ನಕ್ಕೆ. ಅತ್ತೆಯೂ ನಕ್ಕರು, ಬಾಯಲ್ಲಿ ಅನ್ನ ಇಟ್ಟುಕೊಂಡೇ.  ಬುತ್ತಿ ಡಬ್ಬಿಗಳನ್ನು ಕಡಲ ನೀರಿನಲ್ಲಿ ಅದ್ದಿ ತೊಳೆದೆ.

ಹೊಸ ತೂತಿಗೊಂದು ಮುಚ್ಚಳ ಬಿಗಿದು, ಟ್ಯಾಂಕನ್ನು ಹಲವು ಸಲ ತೊಳೆದು, ತುಂಬಿಸಿ, ಖಾಲಿ ಮಾಡಿ, ಕೊನೆಗೆ ಕುತ್ತಿಗೆಯವರೆಗೆ ತುಂಬಿಸಿದೆವು. ಕೆಳಗೆ ಹಳೆಯ ಪೇಪರು ಹಾಸಿಟ್ಟೆವು. ಒಂದು ವಾರ ಪೇಪರು ಒಣಗಿಯೇ ಇತ್ತು. ದೋಣಿ ಕಟ್ಟಿದ ಜಾಗದಲ್ಲಿ ನಿಂತಿದ್ದಾಗ ಸರಿ, ವಾಲಿದಾಗ ಹೇಗೆ ಎಂದು ನಾನು ಕೇಳಿದೆ. ಹಾಯಿ ಎತ್ತಿದರೆ ದೋಣಿ ಒಂದು ಬದಿಗೆ ವಾಲುತ್ತದೆ, ನೀರೆಲ್ಲ ಗೋಡೆಗೆ ಒತ್ತುತ್ತದೆ. ಮೇಸ್ತ್ರಿ ಹೌದೆಂದರು. ಮಧ್ಯಾಹ್ನದ ಗಾಳಿ ಎದ್ದ ಮೇಲೆ ಹೊರಟೆವು. ಹಗ್ಗ ಎಳೆಯುವುದು, ಬಿಡುವುದು ನನಗೆ ಬರುತ್ತಿತ್ತು. ಮೇಸ್ತ್ರಿ ಚುಕ್ಕಾಣಿ ಹಿಡಿದರು. ಅತ್ತೆ ಮೇಲೆ ಕೂರುವುದಿಲ್ಲ ಎಂದು ಒಳಗೇ ಉಳಿದು, ಎಡಗಡೆಯ ಟ್ಯಾಂಕಿನ ಕೆಳಗೆ ಅಂಗೈ ಇಟ್ಟುಕೊಂಡು ನೆಲದ ಮೇಲೆ ಕೂತರು.

ಬಂದರದ ಗೋಡೆ ದಾಟಿದ ಕೂಡಲೇ ದೋಣಿ ಎಡಕ್ಕೆ ವಾಲಿತು. ಒಳಗೆ ಏನೇನೋ ಉರುಳಿದ ಸದ್ದು.

"ಅತ್ತೆ, ಬಿದ್ರಾ?"

"ನಾ ಎಲ್ಲಿ ಬೀಳ್ತೆ? ಚಾ ಪಾತ್ರೆ ಬಿತ್ತು. ಇಲ್ಲಿ ಒಣ ಅದೆ!"

ಆಗಾಗ ಒಳಗಿನಿಂದ ಅದೇ ಕೂಗು. ಒಣ ಅದೆ. ಒಣ ಅದೆ. ಕೂರ್ಮಗಡದ ಹತ್ತಿರ ತಿರುಗಿ ವಾಪಸು ಬರುವಾಗಲೂ ಒಣ ಇತ್ತು.

ಗೋವೆಯ ಗಂಡ ಹೆಂಡತಿ ಒಂದು ಶನಿವಾರ ಬಂದರು. ಇಬ್ಬರೂ ವಯಸ್ಸಾದವರು, ಸಣ್ಣ ದನಿಯಲ್ಲಿ ಕೊಂಕಣಿ ಮಾತಾಡುವವರು. ಅತ್ತೆ ಅವರಿಗೆ ಮೊದಲು ತೋರಿಸಿದ್ದು ಕಂಬವಲ್ಲ, ಹಾಯಿಯಲ್ಲ, ಆಸನದ ಹಲಗೆಯ ಹೊಸ ತೂತು. ಎಲ್ಲಿ ಒಡೆದಿತ್ತು, ಹೇಗೆ ಮುಚ್ಚಿದೆವು ಎಲ್ಲ ಹೇಳಿದರು. "ಬಲಗಡೀದು ಇಂದಿನ ತನಕ ಸೋರ್ಲಿಲ್ಲ. ಮುಂದೆ ಸೋರೂದಿಲ್ಲ ಅಂತ ನಾ ಹೇಳೂಕಾಗ" ಎಂದರು. ಆ ಹೆಂಗಸು ನಲ್ಲಿ ತಿರುಗಿಸಿ ಲೋಟದಲ್ಲಿ ನೀರು ಹಿಡಿದು ಕುಡಿದರು. ಚೆನ್ನಾಗಿದೆ ಎಂದರು. ಅತ್ತೆಗೆ ಅಷ್ಟು ಸಾಕಾಯಿತು.

ಅವರು ದೋಣಿ ಒಯ್ದ ದಿನ ಗಾಳಿ ಇರಲಿಲ್ಲ, ಎಂಜಿನ್ ಹಾಕಿಕೊಂಡೇ ಹೋದರು. ಗಂಡನ ಟೊಪ್ಪಿ, ನಟ್ಟು ಬಿಗಿಯುವ ಒಂದೆರಡು ಪಾನಾ, ಚಹಾ ಪಾತ್ರೆ ಇಷ್ಟನ್ನು ನಾನು ಚೀಲದಲ್ಲಿ ಹಾಕಿಕೊಂಡಿದ್ದೆ. ನಾವು ಬಂದರದ ಗೋಡೆಯ ಮೇಲೆ ನಿಂತು ನೋಡಿದೆವು. ಮೇಸ್ತ್ರಿ ಕಣ್ಣೊರೆಸಿಕೊಂಡರು. ನಾವಿಬ್ಬರೂ ಒರೆಸಿಕೊಳ್ಳಲಿಲ್ಲ. ಅತ್ತೆ ಹರಾಜಿನ ಕಟ್ಟೆಗೆ ಹೋಗಿ ಬಂಗುಡೆ ಆರಿಸತೊಡಗಿದರು. ಕಿವಿರು ಎತ್ತಿ ನೋಡಿ, ನಿನ್ನೆಯದು ಎಂದು ಮಾರುವವಳ ಜೊತೆ ಜಗಳ ತೆಗೆದರು. ಅವಳೂ ಬಿಡಲಿಲ್ಲ. ಜಗಳ ಸುಮಾರು ಹೊತ್ತು ನಡೆಯಿತು, ಕೊನೆಗೆ ಇಬ್ಬರೂ ಒಂದೇ ಕಡೆಯ ನೆಂಟರೆಂದು ಗೊತ್ತಾಗಿ ನಿಂತಿತು.

ಆಮೇಲಿನ ಭಾನುವಾರಗಳಲ್ಲಿ ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಸ್ವಲ್ಪ ದಿನ ಹಾಗೆ ಕಳೆದು, ಅತ್ತೆ ಮತ್ತೆ ಅಂಕೋಲೆಯ ಮೀನು ಪೇಟೆಗೆ ಹೋಗತೊಡಗಿದರು. ದಿನಾ ಅಲ್ಲ, ವಾರಕ್ಕೊಮ್ಮೆ. ಹಳೆಯ ಗೆಳತಿಯೊಬ್ಬಳ ಪಕ್ಕದಲ್ಲಿ ಮಣೆ ಹಾಕಿ ಕೂರುತ್ತಾರೆ. ಮೊಣಕಾಲಿಗೆ ಎಣ್ಣೆ ಹಚ್ಚಿ ಕಳಿಸುವುದು ನನ್ನ ಕೆಲಸ.

ಕೊನೆಗೆ ಅಳು ಬಂತೇ ಎಂದು ನಾನು ರಾಮನಗುಳಿಗೆ ಹೋದಾಗೆಲ್ಲ ಅಮ್ಮ ಈಗಲೂ ಕೇಳುತ್ತಾಳೆ. ಬಂತು. ಬಹಳ ತಡವಾಗಿ, ಮರುವರ್ಷದ ಮಳೆ ಶುರುವಾದ ಮೇಲೆ, ಕಚೇರಿ ಬಿಟ್ಟು ಬರುವ ಬಸ್ಸಿನಲ್ಲಿ. ಬಸ್ಸು ಅರ್ಗಾ ದಾಟಿತ್ತು. ನಾನು ನಾಳೆಯ ತಿಂಡಿಗೆ ಅಕ್ಕಿ ನೆನೆಹಾಕಬೇಕು ಎಂದು ಯೋಚಿಸುತ್ತಿದ್ದೆ, ಬೇರೇನೂ ಇರಲಿಲ್ಲ ಮನಸ್ಸಿನಲ್ಲಿ. ಅಳು ಬಂತು, ಅಮದಳ್ಳಿಯ ಸ್ಟಾಪಿನವರೆಗೆ ಇತ್ತು, ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ತನ್ನ ತೋಳು ಒರೆಸಿಕೊಳ್ಳುತ್ತ, ಮಳೆ ಒಳಗೆ ಬರ್ತದೆ, ಕಿಟಕಿ ಹಾಕ್ಲಾ ಎಂದು ಕೇಳಿದಳು. ಹಾಕಿ ಎಂದೆ.